ಕಟಿಂಗ್ ಕುರ್ಚಿಗೆ ಹತ್ತುವ ಮುನ್ನ

ಕೊಪ್ಪಳಕ್ಕೆ ಅಂಟಿಕೊಂಡಿರುವ ಭಾಗ್ಯನಗರದಲ್ಲಿ ನೇಕಾರಿಕೆಯಂತೆ ಕೂದಲಿನ ಉದ್ಯಮವೂ ಹೆಸರುವಾಸಿ. ಸಿಕ್ಕು ಬಿಡಿಸಿ, ತೊಳೆದು, ಅಳತೆಗೆ ಜೋಡಿಸಿದ ಕೂದಲು ಇಲ್ಲಿಂದ ಹೊರಗೆ ಹೋಗುತ್ತದೆ. ಆದರೆ ಕೂದಲೇ ಕಸುಬಾದ ಇಂಥ ಊರಿರಲಿ, ಬೇರೆ ಊರಿರಲಿ, ಆಟಿಸಂ ಇರುವ ಮಗುವಿನ ಮನೆಯಲ್ಲಿ ಕಟಿಂಗ್ ಮಾಡಿಸುವ ದಿನವೆಂದರೆ ಹಲವರಿಗೆ ಎದೆಬಡಿತ. ಜಾವಳದ ದಿನ ಶುರುವಾದ ಅಳು ಶಾಲೆಗೆ ಸೇರಿದ ಮೇಲೂ ನಿಂತಿರುವುದಿಲ್ಲ.

ಇದು ಹಟವಲ್ಲ. ಕಿವಿಯ ಪಕ್ಕದಲ್ಲೇ ಗುಂಯ್‌ಗುಡುವ ಮಷಿನ್, ಕೊರಳಿಗೆ ಬಿಗಿದ ಬಟ್ಟೆ, ಕತ್ತಿಗೆ ಚುಚ್ಚುವ ಕೂದಲ ತುಣುಕು ಇಂಥ ಹಲವು ಮಕ್ಕಳಿಗೆ ನಿಜಕ್ಕೂ ಹಿಂಸೆ. 1943ರಲ್ಲಿ 11 ಮಕ್ಕಳನ್ನು ಗಮನಿಸಿ ಆಟಿಸಂ ಕುರಿತು ವಿವರವಾಗಿ ಬರೆದ ವೈದ್ಯ ಲಿಯೊ ಕ್ಯಾನರ್, ಜೋರು ಸದ್ದಿಗೆ ಆ ಮಕ್ಕಳು ಬೆಚ್ಚುತ್ತಿದ್ದುದನ್ನು ದಾಖಲಿಸಿದ್ದರು. ಸ್ವತಃ ಆಟಿಸಂ ಇರುವ ಅಮೆರಿಕದ ವಿಜ್ಞಾನಿ ಟೆಂಪಲ್ ಗ್ರಾಂಡಿನ್, ಶಾಲೆಯ ಗಂಟೆ ಬಾರಿಸಿದರೆ ಹಲ್ಲಿನ ವೈದ್ಯರ ಡ್ರಿಲ್ ನರಕ್ಕೆ ತಾಗಿದಂತಾಗುತ್ತಿತ್ತು ಎಂದು ಬಾಲ್ಯವನ್ನು ನೆನೆದಿದ್ದಾರೆ.

ಹಾಗಿದ್ದರೆ ಭಯ ಇಳಿಯುವುದು ಹೇಗೆ? 1924ರಲ್ಲಿ ಮನಶ್ಶಾಸ್ತ್ರಜ್ಞೆ ಮೇರಿ ಕವರ್ ಜೋನ್ಸ್ ಮೊಲಕ್ಕೆ ಹೆದರುತ್ತಿದ್ದ ಪೀಟರ್ ಎಂಬ ಪುಟ್ಟ ಹುಡುಗನ ಕಥೆ ಪ್ರಕಟಿಸಿದರು. ಅವನು ಇಷ್ಟದ ತಿನಿಸು ತಿನ್ನುವಾಗ ಪಂಜರದೊಳಗಿನ ಮೊಲವನ್ನು ದೂರದಲ್ಲಿಡುತ್ತಿದ್ದರು. ಅವನು ತಾಳಿಕೊಂಡಷ್ಟೇ ಹತ್ತಿರ ತರುತ್ತಿದ್ದರು. ಕೊನೆಗೆ ಪೀಟರ್ ಮೊಲದ ಮೈ ಸವರಿದ. ಇಂದು ಆಟಿಸಂ ಇರುವ ಮಕ್ಕಳಿಗೂ ತಜ್ಞರು ಇದೇ ಜಾಡು ಹಿಡಿಯುತ್ತಾರೆ.

ಕಟಿಂಗ್ ವಿಷಯಕ್ಕೆ ಬಂದರೆ, ಮೊದಲು ಅಂಗಡಿಯ ಚಿತ್ರಗಳನ್ನು ಸಾಲಾಗಿ ಅಂಟಿಸಿ ತೋರಿಸಬಹುದು: ಕುರ್ಚಿ, ಬಟ್ಟೆ, ಕತ್ತರಿ, ಮನೆ. ಮನೆಯಲ್ಲೇ ಟವೆಲ್ ಹೊದಿಸಿ ಆಡಿಸಬಹುದು. ಆಫ್ ಆಗಿರುವ ಮಷಿನ್ ಮಗುವಿನ ಕೈಗೆ ಕೊಡಬಹುದು; ಮುಂದೆ ಅದರ ಸ್ವಿಚ್ಚನ್ನೂ ಮಗುವೇ ಒತ್ತಲಿ. ಸದ್ದು ಯಾವಾಗ ಬರುತ್ತದೆ, ಯಾವಾಗ ನಿಲ್ಲುತ್ತದೆ ಎಂಬುದು ತನ್ನ ಕೈಯಲ್ಲಿದ್ದರೆ ಅರ್ಧ ಗಾಬರಿ ಇಳಿಯುತ್ತದೆ. ಗಿರಾಕಿಗಳಿಲ್ಲದ ಹೊತ್ತು ನೋಡಿ ಅಂಗಡಿಗೆ ಹೋಗಿ, ಸುಮ್ಮನೆ ಕುಳಿತು ಬಂದರೂ ಅದೊಂದು ಹೆಜ್ಜೆ. ಇನ್ನೊಂದು ದಿನ ಹತ್ತರವರೆಗೆ ಎಣಿಸುತ್ತ ನಾಲ್ಕು ಕೂದಲು ಕತ್ತರಿಸಿ, ಹತ್ತಕ್ಕೆ ಖಂಡಿತ ನಿಲ್ಲಿಸಬೇಕು. ಕೂಡಲೇ ಮೆಚ್ಚುಗೆ, ಮೆಚ್ಚಿನ ಆಟಿಕೆ.

ಮಗು ಕಿವಿ ಮುಚ್ಚಿಕೊಂಡರೆ, ಮೈ ಬಿಗಿ ಹಿಡಿದರೆ ಒಂದು ಹೆಜ್ಜೆ ಹಿಂದೆ ಬರಬೇಕು. ನಾಲ್ವರು ಅದುಮಿ ಹಿಡಿದು ಮುಗಿಸಿದ ಕಟಿಂಗ್ ಮುಂದಿನ ಸಲದ ಭಯವನ್ನು ದೊಡ್ಡದು ಮಾಡುತ್ತದೆ. ಎಲ್ಲವನ್ನೂ ಮಗುವೇ ತಾಳಿಕೊಳ್ಳಬೇಕೆಂದೂ ಇಲ್ಲ. ಮಷಿನ್ ಬದಲು ಕತ್ತರಿ ಸಾಕು, ಕುರ್ಚಿ ಬದಲು ಅಪ್ಪನ ತೊಡೆ ಸಾಕು.

ಏಕಾಏಕಿ ಹೊಸ ಭಯ ಕಂಡರೆ ಕಿವಿನೋವು, ಚರ್ಮದ ತೊಂದರೆ ಇದೆಯೇ ಎಂದು ಮೊದಲು ವೈದ್ಯರಿಂದ ನೋಡಿಸಬೇಕು. ಅಂಗನವಾಡಿ, ಸರ್ಕಾರಿ ಶಾಲೆಗಳಿಗೆ ಬರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡದ ಮುಂದೆ ಬೆಳವಣಿಗೆಯ ಅನುಮಾನಗಳನ್ನು ಹೇಳಿಕೊಳ್ಳಬಹುದು. ಹೆಚ್ಚಿನ ತಪಾಸಣೆಗೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, ಬೆಂಗಳೂರಿನ ನಿಮ್ಹಾನ್ಸ್ ಇವೆ. ಹೋಗುವಾಗ ಮಗು ಯಾವ ಸದ್ದಿಗೆ, ಎಷ್ಟು ದೂರದಿಂದ ಬೆಚ್ಚುತ್ತದೆ ಎಂದು ಬರೆದುಕೊಂಡು ಹೋದರೆ ಮೊದಲ ಹೆಜ್ಜೆ ಎಲ್ಲಿಡಬೇಕೆಂದು ತಜ್ಞರಿಗೆ ಬೇಗ ತಿಳಿಯುತ್ತದೆ.