26 ಪಂದ್ಯ, 3 ಗೆಲುವು: ಅರ್ಧ ದಾರಿಯಲ್ಲೇ ನಿಂತ ನ್ಯೂಯಾರ್ಕ್ ಎಕ್ಸ್‌ಪ್ರೆಸ್

1987ರ ಫೆಬ್ರವರಿ ತಿಂಗಳು. ಅಮೆರಿಕದ ಒಳಾಂಗಣ ಫುಟ್ಬಾಲ್ ಲೀಗ್ ಆದ ಮೇಜರ್ ಇಂಡೋರ್ ಸಾಕರ್ ಲೀಗ್‌ನಲ್ಲಿ ಪ್ರತಿ ತಂಡವೂ ಆಡಬೇಕಿದ್ದ ಪಂದ್ಯಗಳು 52. ನ್ಯೂಯಾರ್ಕ್ ಎಕ್ಸ್‌ಪ್ರೆಸ್ ತಂಡ ಸರಿಯಾಗಿ ಅರ್ಧದಷ್ಟು, ಅಂದರೆ 26 ಪಂದ್ಯಗಳನ್ನು ಆಡಿ ಮುಗಿಸಿತ್ತು. ಅವುಗಳಲ್ಲಿ ಗೆದ್ದದ್ದು 3, ಸೋತದ್ದು 23. ಉಳಿದ 26 ಪಂದ್ಯಗಳನ್ನು ಅದು ಆಡಲೇ ಇಲ್ಲ. ಋತುವಿನ ನಡುವೆಯೇ ತಂಡ ಬಾಗಿಲು ಮುಚ್ಚಿತು.

ಸೋಲು ಆಟಕ್ಕೆ ಹೊಸತಲ್ಲ. ಪ್ರತಿ ಲೀಗ್‌ನಲ್ಲಿಯೂ ಪ್ರತಿ ವರ್ಷ ಯಾವುದೋ ಒಂದು ತಂಡ ಕೊನೆಯ ಸ್ಥಾನದಲ್ಲಿ ಇರಲೇಬೇಕು. ಆದರೆ ಹಾಗೆ ಸೋತ ತಂಡಗಳಲ್ಲಿ ಹೆಚ್ಚಿನವು ಮರುವರ್ಷ ಮತ್ತೆ ಕಣಕ್ಕಿಳಿಯುತ್ತವೆ. ಎಕ್ಸ್‌ಪ್ರೆಸ್‌ಗೆ ಆ ಅವಕಾಶ ಏಕೆ ಸಿಗಲಿಲ್ಲ ಎಂಬ ಪ್ರಶ್ನೆ ಕುತೂಹಲಕರ. ಇದೇ ತಂಡ ಆಡುತ್ತಿದ್ದ ಲಾಂಗ್ ಐಲೆಂಡ್‌ನ ನಸ್ಸಾವ್ ಕೊಲೀಸಿಯಂ ಕ್ರೀಡಾಂಗಣದಲ್ಲಿ ಐದು ವರ್ಷಗಳ ಹಿಂದಷ್ಟೇ ಇದೇ ಲೀಗ್‌ನ ಅಜೇಯ ಚಾಂಪಿಯನ್ನರು ನೆಲೆಸಿದ್ದರು ಎಂಬುದನ್ನು ನೆನೆದರೆ ಕುತೂಹಲ ಇನ್ನಷ್ಟು ಹೆಚ್ಚುತ್ತದೆ.

ಐಸ್ ಹಾಕಿಯ ಅಂಗಳದಲ್ಲಿ ಫುಟ್ಬಾಲ್

ಮೊದಲು ಆಟದ ಪರಿಚಯ. ಒಳಾಂಗಣ ಫುಟ್ಬಾಲ್ ಎಂದೊಡನೆ ನಮ್ಮವರಿಗೆ ನೆನಪಾಗುವುದು ಫುಟ್ಸಾಲ್. 2016ರಲ್ಲಿ ಭಾರತದಲ್ಲಿ ನಡೆದ ಪ್ರೀಮಿಯರ್ ಫುಟ್ಸಾಲ್ ಟೂರ್ನಿಯಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್‌ನ ಮಾಜಿ ಆಟಗಾರ ಪಾಲ್ ಸ್ಕೋಲ್ಸ್ ಬೆಂಗಳೂರು ತಂಡದ ಪರ ಆಡಿದ್ದನ್ನು ಕೆಲವರಾದರೂ ಮರೆತಿರಲಾರರು. ಅಮೆರಿಕದ ಆಟ ಅದಲ್ಲ. ಫುಟ್ಸಾಲ್‌ನಲ್ಲಿ ಚೆಂಡು ಗೆರೆ ದಾಟಿದರೆ ಆಟ ನಿಲ್ಲುತ್ತದೆ. ಇಲ್ಲಿ ಗೆರೆಯ ಬದಲು ಗೋಡೆಯಿದೆ. ಐಸ್ ಹಾಕಿಯ ಅಂಗಳದ ಮೇಲೆ ಕೃತಕ ಹುಲ್ಲುಹಾಸು ಹಾಸಿ, ಸುತ್ತಲಿನ ಹಲಗೆಗಳನ್ನು ಹಾಗೆಯೇ ಉಳಿಸಿಕೊಳ್ಳಲಾಗುತ್ತದೆ. ಚೆಂಡು ಹಲಗೆಗೆ ಬಡಿದು ಮರಳಿ ಬಂದರೆ ಆಟ ಮುಂದುವರಿಯುತ್ತದೆ. ಜಾಣ ಆಟಗಾರನು ಗೋಡೆಯನ್ನೇ ಜೊತೆ ಆಟಗಾರನಂತೆ ಬಳಸಿಕೊಳ್ಳುತ್ತಾನೆ.

ಗೋಲ್‌ಕೀಪರ್ ಸೇರಿ ತಂಡಕ್ಕೆ ಆರು ಮಂದಿ. 15 ನಿಮಿಷಗಳ ನಾಲ್ಕು ಅವಧಿ. ಆಟ ನಡೆಯುತ್ತಿರುವಾಗಲೇ ಎಷ್ಟು ಬಾರಿ ಬೇಕಾದರೂ ಆಟಗಾರರನ್ನು ಬದಲಿಸಬಹುದು. ತಪ್ಪೆಸಗಿದವನು ಎರಡು ನಿಮಿಷ ಹೊರಗೆ ಕೂರಬೇಕು. ಅಷ್ಟು ಹೊತ್ತು ಅವನ ತಂಡ ಒಬ್ಬ ಆಟಗಾರ ಕಡಿಮೆಯಾಗಿ ಆಡಬೇಕು. ಹೊರಾಂಗಣದಲ್ಲಿ ತೊಂಬತ್ತು ನಿಮಿಷಕ್ಕೆ ಒಂದೋ ಎರಡೋ ಗೋಲು ಕಾಣುವ ಪ್ರೇಕ್ಷಕನಿಗೆ ಇಲ್ಲಿ ಒಂದು ಸಂಜೆಗೆ ಹತ್ತಾದರೂ ಆಶ್ಚರ್ಯವಿಲ್ಲ. ಫುಟ್ಬಾಲ್ ಎಂದರೆ ಮಂದಗತಿಯ ಆಟವೆಂದು ಮೂಗು ಮುರಿಯುತ್ತಿದ್ದ ಅಮೆರಿಕನ್ನರನ್ನು ಸೆಳೆಯಲೆಂದೇ ಆಟವನ್ನು ಹೀಗೆ ಹೊಲಿಯಲಾಗಿತ್ತು.

ಇದರ ಬೀಜ ಬಿದ್ದದ್ದು 1974ರ ಫೆಬ್ರವರಿಯಲ್ಲಿ. ಸೋವಿಯತ್ ಸೇನೆಯ ತಂಡ ಫಿಲಡೆಲ್ಫಿಯಾದಲ್ಲಿ ಸ್ಥಳೀಯ ಆಟಮ್ಸ್ ತಂಡದೊಡನೆ ಆಡಿದ ಒಳಾಂಗಣ ಪ್ರದರ್ಶನ ಪಂದ್ಯಕ್ಕೆ 11,790 ಮಂದಿ ಸೇರಿದರು. ಆ ಜನಸಂದಣಿಯನ್ನು ಕಂಡ ಎಡ್ ಟೆಪ್ಪರ್ ಹಾಗೂ ಅರ್ಲ್ ಫೋರ್‌ಮನ್ ಮುಂದೆ ಲೀಗ್ ಒಂದನ್ನು ಕಟ್ಟಿದರು. ಅದರ ಮೊದಲ ಪಂದ್ಯ 1978ರ ಡಿಸೆಂಬರ್ 22ರಂದು ನಸ್ಸಾವ್ ಕೊಲೀಸಿಯಂನಲ್ಲಿಯೇ ನಡೆಯಿತು. ನ್ಯೂಯಾರ್ಕ್ ಆ್ಯರೋಸ್ ತಂಡ ಸಿನ್ಸಿನಾಟಿ ಕಿಡ್ಸ್ ತಂಡವನ್ನು 7-2ರಿಂದ ಸೋಲಿಸಿತು.

ಪ್ರಶಸ್ತಿ ಬಂತು, ಹಣ ಬರಲಿಲ್ಲ

ಆ್ಯರೋಸ್ 1979ರಿಂದ 1982ರವರೆಗೆ ಸತತ ನಾಲ್ಕು ಬಾರಿ, ಎಂದರೆ ಲೀಗ್‌ನ ಮೊದಲ ನಾಲ್ಕೂ ವರ್ಷ ಪ್ರಶಸ್ತಿ ಗೆದ್ದಿತು. ತಂಡದ ಪ್ರಾಣ ಸ್ಟೀವ್ ಜುಂಗುಲ್. ಯುಗೋಸ್ಲಾವಿಯಾದ ಹೈದುಕ್ ಸ್ಪ್ಲಿಟ್ ಕ್ಲಬ್‌ನ ಈ ಆಟಗಾರ 1978ರಲ್ಲಿ ಅಮೆರಿಕಕ್ಕೆ ಬಂದು ಅಲ್ಲಿಯೇ ಉಳಿದ. ತಾಯ್ನಾಡಿನ ಫುಟ್ಬಾಲ್ ಸಂಸ್ಥೆ ಅವನನ್ನು ಬಿಟ್ಟುಕೊಡಲು ಒಪ್ಪದ ಕಾರಣ ಹೊರಾಂಗಣ ಲೀಗ್‌ನ ಬಾಗಿಲು ಅವನಿಗೆ ವರ್ಷಗಟ್ಟಲೆ ಮುಚ್ಚಿತ್ತು. ಒಳಾಂಗಣಕ್ಕೆ ಅದೇ ವರವಾಯಿತು. 1980-81ರಲ್ಲಿ 40 ಪಂದ್ಯಗಳ ಋತುವಿನಲ್ಲಿ ಅವನು ಹೊಡೆದ ಗೋಲುಗಳು 108. ಎದುರಾಳಿಗಳ ಹೊಡೆತಗಳನ್ನು ತಡೆಯಲು ಶೆಪ್ ಮೆಸ್ಸಿಂಗ್ ಇದ್ದ. ಹಾರ್ವರ್ಡ್ ಪದವೀಧರನಾದ ಈ ಗೋಲ್‌ಕೀಪರ್ 1977ರಲ್ಲಿ ಪೆಲೆಯ ಜೊತೆ ಕಾಸ್ಮೋಸ್ ತಂಡದಲ್ಲಿ ಚಾಂಪಿಯನ್ ಆಗಿದ್ದವನು. ತರಬೇತುದಾರ ಡಾನ್ ಪೊಪೊವಿಚ್.

ಇಷ್ಟಿದ್ದರೂ ಆ್ಯರೋಸ್ ಹಣ ಮಾಡಲಿಲ್ಲ. ಅದೇ ಕ್ರೀಡಾಂಗಣದಲ್ಲಿ ಆಡುತ್ತಿದ್ದ ಐಲೆಂಡರ್ಸ್ ಎಂಬ ಐಸ್ ಹಾಕಿ ತಂಡ 1980ರಿಂದ 1983ರವರೆಗೆ ಸತತ ನಾಲ್ಕು ಬಾರಿ ಸ್ಟ್ಯಾನ್ಲಿ ಕಪ್ ಗೆದ್ದಿತ್ತು. ಒಂದೇ ಸೂರಿನಡಿ ಇಬ್ಬರು ಚಾಂಪಿಯನ್ನರು. ಊರು ಮೆರವಣಿಗೆ ಮಾಡಿದ್ದು ಹಾಕಿಯವರನ್ನು. 1983ರಲ್ಲಿ ಜುಂಗುಲ್ ಕ್ಯಾಲಿಫೋರ್ನಿಯಾದ ಗೋಲ್ಡನ್ ಬೇ ತಂಡದ ಪಾಲಾದ. 1984ರಲ್ಲಿ ಆ್ಯರೋಸ್ ಮುಚ್ಚಿತು.

ಮರು ಋತುವಿನಲ್ಲಿ ಲೀಗ್ ಪ್ರವೇಶಿಸಿದ್ದು ಸಾಕ್ಷಾತ್ ಕಾಸ್ಮೋಸ್. 1977ರಲ್ಲಿ ಪೆಲೆಯನ್ನು ಕೋಲ್ಕತ್ತಕ್ಕೆ ಕರೆತಂದು ಈಡನ್ ಗಾರ್ಡನ್ಸ್‌ನಲ್ಲಿ ಮೋಹನ್ ಬಾಗಾನ್ ಜೊತೆ 2-2 ಡ್ರಾ ಮಾಡಿಕೊಂಡಿದ್ದ ಅದೇ ಕಾಸ್ಮೋಸ್. ಹೆಸರು ದೊಡ್ಡದು, ಆದರೆ ಖಜಾನೆ ಬರಿದಾಗಿತ್ತು. 33 ಪಂದ್ಯಗಳನ್ನಾಡಿ 1985ರ ಫೆಬ್ರವರಿಯಲ್ಲಿ ಅದೂ ನಡುದಾರಿಯಲ್ಲಿ ಕೈಬಿಟ್ಟಿತು. ಎರಡು ವರ್ಷಗಳ ನಂತರ ಅದೇ ಫೆಬ್ರವರಿಯಲ್ಲಿ ಎಕ್ಸ್‌ಪ್ರೆಸ್‌ನ ಸರದಿ ಬಂತು.

ಷೇರು ಮಾರಿ ಕಟ್ಟಿದ ತಂಡ

ಎಕ್ಸ್‌ಪ್ರೆಸ್ ಸ್ಥಾಪಕರಲ್ಲಿ ಮೆಸ್ಸಿಂಗ್ ಕೂಡ ಒಬ್ಬ. ಲಾಂಗ್ ಐಲೆಂಡ್‌ನಲ್ಲಿ ಒಳಾಂಗಣ ಫುಟ್ಬಾಲ್‌ಗೆ ಮತ್ತೆ ಜೀವ ತುಂಬಬಹುದೆಂಬುದು ಅವನ ನಂಬಿಕೆ. ಹಣ ತರಲು ಹಿಡಿದ ದಾರಿ ಮಾತ್ರ ಅಸಾಮಾನ್ಯ. ಕ್ರೀಡಾ ತಂಡಗಳನ್ನು ಸಾಮಾನ್ಯವಾಗಿ ಶ್ರೀಮಂತ ಕುಳವೊಂದು ಸಾಕುತ್ತದೆ. ಎಕ್ಸ್‌ಪ್ರೆಸ್ ಸಾರ್ವಜನಿಕರಿಗೆ ಷೇರು ಮಾರಿತು. ಅಭಿಮಾನಿಯೇ ಮಾಲೀಕ ಎಂಬ ಕಲ್ಪನೆ ಕೇಳಲು ಸೊಗಸಾಗಿಯೇ ಇದೆ.

ಆಟಗಾರರ ಆಯ್ಕೆಯಲ್ಲಿಯೂ ಹಳೆಯ ವೈಭವದ ನೆರಳಿತ್ತು. ತರಬೇತುದಾರನಾಗಿ ಬಂದವನು ಆ್ಯರೋಸ್‌ನ ಪೊಪೊವಿಚ್. ತಾರಾಮೌಲ್ಯಕ್ಕೆ ಅಮೆರಿಕ ರಾಷ್ಟ್ರೀಯ ತಂಡದ ನಾಯಕ ರಿಕಿ ಡೇವಿಸ್. ಆದರೆ ಇಲ್ಲಿಯ ಆಟದ ಲೆಕ್ಕವೇ ಬೇರೆ. ಸಣ್ಣ ಅಂಗಳದಲ್ಲಿ ಆಟಗಾರರು ಗುಂಪು ಗುಂಪಾಗಿ ಒಳಗೆ ಬಂದು ಹೊರಗೆ ಹೋಗುತ್ತಿರಬೇಕು. ಯಾರು ಎಲ್ಲಿ ನಿಲ್ಲುತ್ತಾನೆ, ಚೆಂಡು ಗೋಡೆಯಿಂದ ಯಾವ ಕೋನದಲ್ಲಿ ಹೊರಳುತ್ತದೆ, ಹಿಂದೆ ಓಡಬೇಕಾದವರು ಯಾರು ಎಂಬುದು ಹೇಳಿಕೊಳ್ಳದೆಯೇ ಅರ್ಥವಾಗಬೇಕು. ಅದು ಜೊತೆಯಲ್ಲಿ ಆಡಿ ಆಡಿ ಬರುವ ಪರಿಚಯ. ಒಂದೇ ಬೇಸಿಗೆಯಲ್ಲಿ ಕಲೆಹಾಕಿದ ತಂಡಕ್ಕೆ ಅದು ಇರಲಿಲ್ಲ. ಎದುರಿಗಿದ್ದುದೋ ವರ್ಷಗಳಿಂದ ಇದೇ ಆಟವಾಡಿ ಪಳಗಿದ್ದ ಸ್ಯಾನ್ ಡಿಯಾಗೊ, ಬಾಲ್ಟಿಮೋರ್, ಕ್ಲೀವ್‌ಲ್ಯಾಂಡ್‌ನಂತಹ ತಂಡಗಳು. ಆರಂಭದಿಂದಲೇ ಸೋಲುಗಳು ಸಾಲುಗಟ್ಟಿದವು. ಪೊಪೊವಿಚ್ ಸ್ಥಾನ ಕಳೆದುಕೊಂಡ. ತರಬೇತುದಾರ ಬದಲಾದರೂ ಫಲಿತಾಂಶ ಬದಲಾಗಲಿಲ್ಲ.

ಷೇರು ಮಾರಾಟದ ದೌರ್ಬಲ್ಯ ಬಯಲಾದದ್ದು ಈ ಹಂತದಲ್ಲಿ. ಷೇರಿನಿಂದ ಹಣ ಬರುವುದು ಒಮ್ಮೆ. ಖರ್ಚು ಪ್ರತಿ ವಾರ. ಆಟಗಾರರ ಸಂಬಳ, ಕ್ರೀಡಾಂಗಣದ ಬಾಡಿಗೆ, ದೇಶದ ಈ ತುದಿಯಿಂದ ಆ ತುದಿಗೆ ವಿಮಾನ ಪ್ರಯಾಣ, ಯಾವುದೂ ಸೋಲಿನ ನೆಪದಲ್ಲಿ ಕಡಿಮೆಯಾಗುವಂತಹುದಲ್ಲ. ಅಮೆರಿಕನ್ ಫುಟ್ಬಾಲ್ ಅಥವಾ ಬೇಸ್‌ಬಾಲ್ ತಂಡಗಳಿಗಾದರೆ ದೂರದರ್ಶನ ಹಕ್ಕಿನ ದೊಡ್ಡ ಮೊತ್ತ ಪಾಲಾಗಿ ಬರುತ್ತದೆ. ತಂಡ ಸೋತರೂ ಆ ಪಾಲು ತಪ್ಪುವುದಿಲ್ಲ. ಒಳಾಂಗಣ ಲೀಗ್‌ಗೆ ಅಂತಹ ಆಸರೆ ಇರಲಿಲ್ಲ. ಅದರ ಆದಾಯದ ಮುಖ್ಯ ಮೂಲ ಟಿಕೆಟ್. ತಂಡ ಸೋತಂತೆ ಪ್ರೇಕ್ಷಕರು ಕಡಿಮೆಯಾದರು, ಪ್ರೇಕ್ಷಕರು ಕಡಿಮೆಯಾದಂತೆ ಒಳ್ಳೆಯ ಆಟಗಾರರನ್ನು ಕರೆತರುವ ಹಣ ಇಲ್ಲವಾಯಿತು. ಶ್ರೀಮಂತ ಮಾಲೀಕನಾದರೆ ಅಭಿಮಾನಕ್ಕೋ ಹಟಕ್ಕೋ ಬಿದ್ದು ಇನ್ನೊಂದು ವರ್ಷ ಕೈಯಿಂದ ಹಾಕಬಹುದು. ಸೋಲುತ್ತಿರುವ ತಂಡದ ಷೇರನ್ನು ಎರಡನೆಯ ಬಾರಿ ಕೊಳ್ಳುವವರು ಯಾರು?

ನಷ್ಟ ಷೇರುದಾರರಿಗಷ್ಟೇ ಸೀಮಿತವಾಗಲಿಲ್ಲ. ಆಟಗಾರರು ಋತುವಿನ ನಡುವೆ ಬೇರೆ ಊರಿನಲ್ಲಿ ಕೆಲಸ ಹುಡುಕಬೇಕಾಯಿತು. ಡೇವಿಸ್ ದೇಶದ ಇನ್ನೊಂದು ಅಂಚಿನ ಟಕೋಮಾ ಸ್ಟಾರ್ಸ್ ತಂಡಕ್ಕೆ ಹೋದ. ಎಕ್ಸ್‌ಪ್ರೆಸ್ ವಿರುದ್ಧ ಆಡಬೇಕಿದ್ದ ತಂಡಗಳ ವೇಳಾಪಟ್ಟಿಯಲ್ಲಿ ತೂತು ಬಿದ್ದಿತು. ಎಲ್ಲಕ್ಕಿಂತ ಹೆಚ್ಚಾಗಿ, ದೇಶದ ಅತಿ ದೊಡ್ಡ ನಗರದಲ್ಲಿ ತನಗೆ ನೆಲೆಯಿಲ್ಲ ಎಂಬುದನ್ನು ಲೀಗ್ ಮೂರನೆಯ ಬಾರಿಗೆ ಜಗಜ್ಜಾಹೀರು ಮಾಡಿಕೊಂಡಿತು.

ಡಲ್ಲಾಸ್ ತೋರಿದ ವ್ಯತ್ಯಾಸ

ಕೆಟ್ಟ ಋತುವೇ ತಂಡವನ್ನು ಕೊಲ್ಲುತ್ತದೆ ಎನ್ನುವುದಾದರೆ ಡಲ್ಲಾಸ್ ಸೈಡ್‌ಕಿಕ್ಸ್ ಎಂದೋ ಸಾಯಬೇಕಿತ್ತು. 1984-85ರಲ್ಲಿ, ತನ್ನ ಮೊದಲ ಋತುವಿನಲ್ಲಿ ಅದು 48 ಪಂದ್ಯಗಳಲ್ಲಿ ಗೆದ್ದದ್ದು ಕೇವಲ 12. ಆದರೆ ಅದರ ಬೆನ್ನಿಗಿದ್ದವರು ಬ್ಯಾಸ್ಕೆಟ್‌ಬಾಲ್ ತಂಡ ಮಾವೆರಿಕ್ಸ್‌ನ ಮಾಲೀಕ ಡೊನಾಲ್ಡ್ ಕಾರ್ಟರ್. ಒಂದು ವರ್ಷದ ನಷ್ಟ ತಂಡದ ಅಂತ್ಯವಾಗಲಿಲ್ಲ. ಇಂಗ್ಲೆಂಡ್ ಮೂಲದ ತರಬೇತುದಾರ ಗಾರ್ಡನ್ ಜಾಗೊ ಮುಂದುವರಿದರು. ಗೋಲು ಹೊಡೆದಾಗಲೆಲ್ಲ ಅಂಗಿ ಕಳಚಿ ಪ್ರೇಕ್ಷಕರತ್ತ ಎಸೆಯುತ್ತಿದ್ದ ಬ್ರೆಜಿಲ್‌ನ ಟಾಟು ಊರಿನ ಮನೆಮಗನಾದ. ಜನ ತಂಡದ ಗೆಲುವಿಗಿಂತ ಮೊದಲು ಆಟಗಾರನನ್ನು ಪ್ರೀತಿಸಲು ಕಲಿತರು. ನ್ಯೂಯಾರ್ಕ್‌ನಲ್ಲಿ ಇಂತಹ ನಂಟು ಬೆಳೆಯಲು ಕಾಲವೇ ಸಿಗಲಿಲ್ಲ.

ಎಕ್ಸ್‌ಪ್ರೆಸ್ ಕಣ್ಮರೆಯಾದ ಅದೇ 1986-87ರ ಋತುವಿನಲ್ಲಿ ಡಲ್ಲಾಸ್ ಫೈನಲ್ ತಲುಪಿತು. ಏಳು ಪಂದ್ಯಗಳ ಸರಣಿ ಕೊನೆಯ ಪಂದ್ಯದವರೆಗೂ ಎಳೆಯಿತು. 1987ರ ಜೂನ್ 20ರಂದು ಟಕೋಮಾ ಡೋಮ್‌ನಲ್ಲಿ ಸೇರಿದ್ದವರು 21,728 ಮಂದಿ. ಹೆಚ್ಚುವರಿ ಅವಧಿಯಲ್ಲಿ ಮಾರ್ಕ್ ಕಾರ್ಪನ್ ಹೊಡೆದ ಗೋಲಿನಿಂದ ಡಲ್ಲಾಸ್ 4-3ರಿಂದ ಗೆದ್ದಿತು. ಒಳಾಂಗಣ ಫುಟ್ಬಾಲ್‌ಗೆ ಜನರೇ ಬರುವುದಿಲ್ಲ ಎಂಬ ವಾದಕ್ಕೆ ಆ ಒಂದು ರಾತ್ರಿಯ ಸಂಖ್ಯೆಯೇ ಉತ್ತರ.

ಹಾಗೆಂದು ಡಲ್ಲಾಸ್ ಮಾದರಿಯೇ ಸರ್ವರೋಗ ಪರಿಹಾರವೆನ್ನಲಾಗದು. ಮಾಲೀಕರ ಜೇಬನ್ನು ನೆಚ್ಚಿದ ತಂಡಗಳೂ ಒಂದೊಂದಾಗಿ ಕಳಚಿಕೊಂಡವು. 1992ರಲ್ಲಿ ಲೀಗ್ ಇಡಿಯಾಗಿ ಮುಚ್ಚಿತು. ಅಷ್ಟರವರೆಗೂ ನ್ಯೂಯಾರ್ಕ್‌ಗೆ ಮತ್ತೊಂದು ತಂಡ ಬರಲಿಲ್ಲ. ಮೆಸ್ಸಿಂಗ್ ಮುಂದೆ ದೂರದರ್ಶನದ ಫುಟ್ಬಾಲ್ ವೀಕ್ಷಕ ವಿವರಣೆಕಾರನಾಗಿ ಹೆಸರು ಮಾಡಿದ. ಇನ್ನು ನಸ್ಸಾವ್ ಕೊಲೀಸಿಯಂಗೆ ನಾಲ್ಕು ಪ್ರಶಸ್ತಿ ತಂದುಕೊಟ್ಟ ಜುಂಗುಲ್ ಜೂನ್ 20ರ ಆ ರಾತ್ರಿ ಟಕೋಮಾದ ಅಂಗಿ ತೊಟ್ಟು, ಸೋತವರ ಸಾಲಿನಲ್ಲಿದ್ದ.