ಹೊಗೆ ಮತ್ತು ಹೊಳೆ

ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ, ಎಲ್ವಾ ನದಿ ಕಡಲನ್ನು ಕೂಡುವೆಡೆ, ಕ್ಲಾಲಮ್ ಜನರ ನೆಲೆಯಿದೆ. ಹೊಳೆಯಲ್ಲಿ ಹುಟ್ಟಿ, ಕಡಲಲ್ಲಿ ಬೆಳೆದು, ಮೊಟ್ಟೆಯಿಡಲು ಮತ್ತೆ ಹೊಳೆಗೇ ಮರಳುವ ಸಾಲ್ಮನ್ ಮೀನು ಅವರ ಬಾಳಿಗೆ ಆಧಾರ. ವರ್ಷದ ಮೊದಲ ಮೀನನ್ನು ಹಂಚಿ ಉಂಡು, ಮೂಳೆಗಳನ್ನು ನೀರಿಗೇ ಒಪ್ಪಿಸುವುದು ಆ ತೀರದ ಸಂಪ್ರದಾಯ. ಮಿಕ್ಕ ಮೀನನ್ನು ಸೀಳಿ, ಆಲ್ಡರ್ ಸೌದೆಯ ಸಣ್ಣ ಉರಿಯ ಮೇಲೆ ತೂಗಹಾಕುವರು. ತೇವವಾರಿ ಹೊಗೆ ಹಿಡಿದ ಮೀನು ಬಹುಕಾಲ ಕೆಡದು.

ವಿದ್ಯುತ್ತಿಗಾಗಿ 1913ರಲ್ಲಿ ಕಟ್ಟಿ ಮುಗಿಸಿದ ಅಣೆಕಟ್ಟು ಈ ಮೀನಿನ ದಾರಿಯನ್ನೇ ಮುಚ್ಚಿತು. 1927ರಲ್ಲಿ ಮೇಲ್ಗಡೆ ಇನ್ನೊಂದು ಎದ್ದಿತು. ಕ್ಲಾಲಮರ ದೀರ್ಘ ಹೋರಾಟದ ತರುವಾಯ, 2011ರಿಂದ 2014ರೊಳಗೆ ಎರಡನ್ನೂ ಕೆಡವಲಾಯಿತು. ಮೀನು ಹೆಚ್ಚಲೆಂದು ಬಲೆ ಎತ್ತಿಟ್ಟು ಕಾದ ಜನ, 2023ರಲ್ಲಿ ಮತ್ತೆ ಹೊಳೆಗಿಳಿದರು.

ಹೊಗೆಯಿಕ್ಕುವ ಹದ ಕೈಯಲ್ಲಿದ್ದರೆ ಸಾಲದು, ಹೊಳೆಯೂ ಹರಿಯುತ್ತಿರಬೇಕು.