ತುಟಿ ಮುಚ್ಚಿ ಬರೆದ ಅಕ್ಷರ

ಕನಮಡಿಯ ಎರಿ ಹೊಲಗಳಲ್ಲಿ ಹಿಂಗಾರಿ ಜೋಳ ಮೊಣಕಾಲೆತ್ತರ ಬಂದಿದೆ. ಸಾಲಿಯ ಕಟ್ಟೆಯ ಮೇಲೆ ಬೇವಿನ ನೆರಳು ಸೀಳುಸೀಳಾಗಿ ಬಿದ್ದಿದೆ. ಹಕ್ಕಿ ನೋಡಲು ಬಂದ ನನ್ನ ಕಣ್ಣು ಪಾಟಿಯನ್ನು ತೊಡೆಯ ಮೇಲಿಟ್ಟುಕೊಂಡು ಇಂಗ್ಲಿಷ್ ಶಬ್ದ ಬರೆಯುತ್ತಿದ್ದ ಹುಡುಗಿಯ ತುಟಿಗಳ ಮೇಲೆ ನಿಂತಿತು.

ಪ್ರತಿ ಅಕ್ಷರವೂ ಮೊದಲು ತುಟಿಯಲ್ಲಿ ಮೂಡಿ, ಆಮೇಲೆ ಬಳಪಕ್ಕೆ ಇಳಿಯುತ್ತಿತ್ತು. ನೈಫ್ ಬರೆಯುವಾಗ ಎನ್‌ಗೆ ನಾಲಗೆ ಹಲ್ಲಿನ ಹಿಂದೆ ಒತ್ತಿಕೊಂಡಿತು, ಐಗೆ ಬಾಯಿ ಅಗಲವಾಯಿತು. ಅಲ್ಲಿಗೆ ಬಳಪ ನಿಂತಿತು, ಎಮ್ಮೆಯ ಕಾಲಬುಡದಲ್ಲಿ ಮಿಡತೆಗೆ ಕಾಯುವ ಬೆಳ್ಳಕ್ಕಿಯ ಹಾಗೆ. ಬೆರಳ ತುದಿಗೆ ಉಗುಳು ಹಚ್ಚಿ ಒರೆಸಿದಳು. ಕಾಡಿಗೆಗಪ್ಪು ಒದ್ದೆ ಮಚ್ಚೆ ಅಂಚಿನಿಂದ ಒಳಕ್ಕೆ ಆರುತ್ತ ಬಂದು ಮತ್ತೆ ಬೂದಿಬಣ್ಣಕ್ಕೆ ತಿರುಗಿದ ಮೇಲೆ, ಮೊದಲಿಗೆ ಒಂದು ಕೆ ಬರೆದಳು. ಆ ಕೆ ಬರೆಯುವಷ್ಟು ಹೊತ್ತು ತುಟಿ ಬಿಗಿಯಾಗಿ ಮುಚ್ಚಿತ್ತು. ಎಫ್‌ಗೆ ಮೇಲಿನ ಹಲ್ಲು ಕೆಳತುಟಿಯನ್ನು ಸವರಿತು. ಕೊನೆಯ ಇ ಬಂದಾಗ ಬಾಯಿ ಮತ್ತೆ ಮುಚ್ಚಿಕೊಂಡಿತು.

ನುಡಿದಂತೆ ಬರೆದು ರೂಢಿಯಾದ ಕೈಗೆ ಇದು ಸಣ್ಣ ಕೆಲಸವಲ್ಲ. ಆ ಕೆಯನ್ನು ಇಂಗ್ಲಿಷರೂ ಒಂದು ಕಾಲಕ್ಕೆ ಉಚ್ಚರಿಸುತ್ತಿದ್ದರು. 1476ರಲ್ಲಿ ಕ್ಯಾಕ್ಸ್‌ಟನ್ ವೆಸ್ಟ್‌ಮಿನ್‌ಸ್ಟರ್‌ನಲ್ಲಿ ಅಚ್ಚುಕೂಟ ಹಾಕಿದ ಮೇಲೆ ಕಾಗುಣಿತ ಮೆಲ್ಲಗೆ ಮೊಳೆಗಳಲ್ಲಿ ಗಟ್ಟಿಯಾಯಿತು. ನಾಲಗೆ ಮಾತ್ರ ತನ್ನ ದಾರಿ ಹಿಡಿದು, 17ನೇ ಶತಮಾನದ ಹೊತ್ತಿಗೆ ಆ ಸದ್ದನ್ನು ಕೈಬಿಡತೊಡಗಿತು.

ನಮ್ಮ ಸರ್ಕಾರಿ ಸಾಲಿಗಳಲ್ಲಿ 2007-08ರಿಂದ ಒಂದನೇ ತರಗತಿಗೇ ಇಂಗ್ಲಿಷ್ ಬಂದಿದೆ. ಆದರೆ ತಿಕೋಟಾ ಕಡೆಯ ದ್ರಾಕ್ಷಿ ತೋಟಗಳ ಮಕ್ಕಳಿಗೆ ಡ್ರಿಪ್, ಪೈಪ್, ಬೋರ್, ಕಟಿಂಗ್ ಎಲ್ಲ ಸಾಲಿಗೆ ಬರುವ ಮೊದಲೇ ಬಾಯಲ್ಲಿರುತ್ತವೆ. ಅವುಗಳ ಮೈ ಕಾಣುವುದು ಪಾಟಿಯ ಮೇಲೆ.

ಪಕ್ಕದ ಹುಡುಗ ಪಿ, ಐ, ಪಿ ಬರೆದು "ಪಿಪ್" ಎಂದು ಓದಿದ. ಹುಡುಗಿ ಕಿಸಕ್ಕನೆ ನಕ್ಕು, "ಹಿಂದ ಇ ಹಚ್ಚೋ" ಎಂದಳು. ಹಚ್ಚಿದ, ಪೈಪ್ ಆಯಿತು. ಆ ಇ ತಾನು ಸದ್ದು ಮಾಡದೆ, ನಡುವೆ ಒಂದು ವ್ಯಂಜನವನ್ನು ದಾಟಿ, ಹಿಂದಿನ ಸ್ವರವನ್ನು ಎಳೆದು ಬದಲಿಸುತ್ತದೆ. ಗ್ರೇಪ್ ಆಗುವುದೂ ಹೀಗೆಯೇ.

ಕಟಿಂಗ್‌ಗೆ ಅವನು ಒಂದೇ ಟಿ ಹಾಕಿದ್ದ. "ಹಂಗ ಬರದ್ರ ಕ್ಯೂಟಿಂಗ್ ಆಗತೈತಿ ನೋಡಪ್ಪ," ಅಂದರು ಅಕ್ಕೋರು. ಕಟ್‌ನಂಥ ಚಿಕ್ಕ ಪದದ ಕೊನೆಗೆ ಒಂದು ಹ್ರಸ್ವ ಸ್ವರ, ಅದರ ನಂತರ ಒಂದೇ ವ್ಯಂಜನ ಇದ್ದರೆ ಐಎನ್‌ಜಿ ಬರುವ ಮುಂಚೆ ಆ ವ್ಯಂಜನ ಎರಡಾಗಬೇಕು. ಅವನು ಎರಡನೇ ಟಿಯನ್ನು ಸಂದಿಯಲ್ಲಿ ತುರುಕಿದ, ಮೊದಲಿನದಕ್ಕಿಂತ ಸಪೂರ, ತುಸು ಬಾಗಿದ್ದು. ಅದೇ ಹುರುಪಿನಲ್ಲಿ ಕೆಳಗಿನ ಸಾಲಿನ ರೇನಿಂಗ್‌ಗೂ ಎರಡು ಎನ್ ಹಾಕಿದ. ನಿಯಮ ಕೈಗೆ ಹತ್ತಿದ ಗುರುತು ಇದು ಎಂದೇ ನನ್ನೆಣಿಕೆ. ಅಕ್ಕೋರು ಏನೂ ಹೇಳಲಿಲ್ಲ. ಎ, ಐ ಎರಡರ ಮೇಲೂ ಬೆರಳಿಟ್ಟರು. ಅವನು ಒಂದು ಎನ್ ಒರೆಸಿದ. ಆಮೇಲೆ ಮೇಲಿನ ಸಾಲಿಗೆ ಹೋಗಿ, ಕಟಿಂಗ್‌ನ ಟಿಗಳಿಗೆ ಮೊದಲು ಸ್ವರ ಒಂದೋ ಎರಡೋ ಎಂದು ಬೆರಳಿಟ್ಟು ನೋಡಿದ.